ಉಲನ್ ಉಂಡಿ

ಪಂಚಮಿಗೆ ಉಂಡಿ ತುಂಬಿಡಲಿಕ್ಕೆಂದೇ ನಮ್ಮ ಮನೆಯಲ್ಲೊಂದು ಸ್ಟೀಲಿನ ಡಬ್ಬಿ ಇದೆ. ಶೇಂಗಾ, ಎಳ್ಳು, ಬೇಸನ್ ಉಂಡಿಗಳೆಲ್ಲ ಹಬ್ಬ ಕಳೆದ ವಾರಕ್ಕೆ ಮಾಯ. ಉಳಿದ ಹನ್ನೊಂದು ತಿಂಗಳು ಅದರಲ್ಲಿ ಇರುವುದು ಉಲನ್ ಉಂಡಿ. ಮೊಮ್ಮಗನ ಕುಂಚಿಗೆ ಮಾಡಿ ಉಳಿದ ಗಿಣಿಹಸಿರು, ಬಾಗಿಲ ತೋರಣದ ಕೆಂಪು, ಯಾರದೋ ಕುಬಸಕ್ಕೆಂದು ತಂದು ಮನಸ್ಸು ಬಾರದೆ ಬಿಟ್ಟ ಹಳದಿ. ಹೆಚ್ಚಿನವು ನಿಂಬೆಹಣ್ಣಿನ ಗಾತ್ರದವು. ಒಂದು ಕಾಲುಚೀಲಕ್ಕೂ ಸಾಲವು, ಚೆಲ್ಲೋಣವೆಂದರೆ ಕೈ ಬಾರದು.

ಚೆಲ್ಲುವುದನ್ನು ನಮಗೆ ಯಾರೂ ಕಲಿಸಲೇ ಇಲ್ಲ. ಅವ್ವ ಹಳೆಯ ಇಳಕಲ್ ಸೀರೆ, ಅಪ್ಪನ ಧೋತರ ಎಲ್ಲ ಪದರು ಪದರಾಗಿ ಹಾಸಿ ಕೌದಿ ಹೊಲಿಯುತ್ತಿದ್ದಳು. ಮಲಗಿದಾಗ ಮೂಗಿಗೆ ಯಾರ ಸೀರೆ ಬಂತು, ಕಾಲಿಗೆ ಯಾರದು ಎಂದು ಹೇಳಬಹುದಿತ್ತು. ಆದರೆ ಬೀಗರು ಬಂದರೆ ಟ್ರಂಕಿನಿಂದ ಹೊಸ ಚಾದರ ಹೊರಗೆ ಬರುತ್ತಿತ್ತು. ಕೌದಿ ಏನಿದ್ದರೂ ಮನೆಯವರಿಗೆ. ಉಳಿದದ್ದರಲ್ಲಿ ಮಾಡಿದ್ದನ್ನು ಪರರಿಗೆ ಹೊದಿಸಬಾರದು ಎಂಬ ಸಂಕೋಚ ನನಗೂ ಬಹಳ ದಿನ ಇತ್ತು.

ಅದು ಮುರಿದದ್ದು ದೊಡ್ಡ ಮನಸ್ಸಿನಿಂದಲ್ಲ, ಜಾಗ ಇಲ್ಲದ್ದಕ್ಕೆ. ಟಿ.ವಿ. ಗೋಡೆಗೆ ಅಂಟಿಕೊಂಡ ದಿನ ಅದರ ತಲೆಯ ಮೇಲಿನ ಕ್ರೋಶಾ ಹೊದಿಕೆಗೆ ಕೆಲಸ ಹೋಯಿತು. ಮಿಕ್ಸರ್‌ಗೆ, ನೀರಿನ ಕೊಡಕ್ಕೆ, ಗ್ಯಾಸ್ ಸಿಲಿಂಡರಿಗೆ ಅಂಗಿ ಹೆಣೆದು ಮುಗಿಯಿತು. ಕುರ್ಚಿಯ ಬೆನ್ನಿಗೊಂದು ಹಾಕಿದಾಗ ಸೊಸೆ ಮೆತ್ತಗೆ, “ಇನ್ನ ಸಾಕ್ರಿ ಅತ್ತಿ” ಅಂದಳು. ಆಗ ನೆನಪಾದದ್ದು ದವಾಖಾನೆ: ಅಲ್ಲಿನ ರೋಗಿಗಳಿಗೆ ಹೊದಿಕೆ ಹೆಣೆದು ಕೊಡಬಹುದಲ್ಲ. ಸೇವೆ ಗೀವೆ ಆಮೇಲಿನ ಮಾತು; ಮೊದಲು ನನ್ನ ಕೈಗೆ ಕೆಲಸ ಬೇಕಿತ್ತು.

ಮೊದಲನೆಯ ಹೊದಿಕೆಗೆ ನನ್ನ ಜಾಣತನವನ್ನೆಲ್ಲ ಸುರಿದಿದ್ದೆ. ಸಿಂಪಿಯಂಥ ಬೀಸಣಿಗೆಗಳು, ಅಂಚಿಗೆ ಗೊಂಡೆ, ಗೊಂಡೆಗೆ ಮಣಿ. ಹುಬ್ಬಳ್ಳಿಗೆ ಒಯ್ದು ಕೊಟ್ಟರೆ ಅಲ್ಲಿನ ಸಿಸ್ಟರ್ ಒಂದು ತೂತಿನಲ್ಲಿ ಬೆರಳು ತೂರಿಸಿ ಆ ಕಡೆ ಆಡಿಸಿದರು. “ಇದು ಹೊಚಗೊಳ್ಳಾಕೋ, ಮೀನ ಹಿಡಿಯಾಕೋ ಅಮ್ಮಾರ?” ಕೈಗೆ ಚುಚ್ಚಿದ ಸಲೈನ್ ಸೂಜಿ ಇಂಥ ತೂತಿಗೆ ಸಿಕ್ಕಿಕೊಂಡರೆ ಕಿತ್ತೇ ಬರುತ್ತದೆ. ಮಣಿ ಬೇಡ, ಗೊಂಡೆ ಬೇಡ. ಬಿಸಿನೀರಿನ ಒಗೆತ ತಾಳಬೇಕು. ಕುರಿಯ ಉಣ್ಣೆ ಬಿಸಿನೀರಲ್ಲಿ ತಿಕ್ಕಿಸಿಕೊಂಡರೆ ಮುದುಡಿ ಗಟ್ಟಿಯಾಗುತ್ತದೆ, ಅಕ್ರಿಲಿಕ್ ಹಾಗೆ ಸಿಟ್ಟಿಗೇಳುವುದಿಲ್ಲ. ಅಂಗಡಿಯಲ್ಲಿ ನಾವು ಉಲನ್ ಎಂದು ಕರೆಯುವ ಬಹುಪಾಲು ಅಕ್ರಿಲಿಕ್ಕೇ ಆದ್ದರಿಂದ, ಕುರಿಯ ಹಂಗಿಲ್ಲದ ನನ್ನ ಡಬ್ಬಿ ಪಾಸಾಯಿತು.

ಯಾರಿಗೆ ಹೆಚ್ಚು ಥಂಡಿ ಎಂದು ಕೇಳಿದೆ. ಡಯಾಲಿಸಿಸ್‌ನವರಿಗೆ ಎಂದರು. ಒಂದು ಸಲ ಮಲಗಿದರೆ ಸುಮಾರು ನಾಲ್ಕು ತಾಸು. ರಕ್ತ ನಳಿಕೆಯಲ್ಲಿ ಮೈಯಿಂದ ಹೊರಗೆ ಬಂದು, ಯಂತ್ರ ಸುತ್ತಿ, ತುಸು ಆರಿ ಒಳಗೆ ಹೋಗುತ್ತದೆ. ಏಪ್ರಿಲ್ ಬಿಸಿಲಲ್ಲಿ ಹೊರಗೆ ಡಾಂಬರು ಮೆತ್ತಗಾಗಿದ್ದರೂ ಒಳಗೆ ಹಲ್ಲು ಕಟಕಟ. ಹಾಗಂತ ಪೂರಾ ಮುಚ್ಚುವಂತಿಲ್ಲ, ಸೂಜಿ ಚುಚ್ಚಿದ ಕೈ ಸದಾ ಕಣ್ಣಿಗೆ ಕಾಣುತ್ತಿರಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಕೇಳಿ ಬೆಳೆದವಳು ನಾನು. ಇಲ್ಲಿ ಕಾಲಿಗೂ ಎದೆಗೂ ಸಾಕಾಗಿ ಕೈಯನ್ನು ಹೊರಗೆ ಬಿಡುವ ಅಳತೆ ಬೇಕಿತ್ತು. 36 ಇಂಚು ಅಗಲ, 48 ಇಂಚು ಉದ್ದ ಎಂದು ನಾನೇ ಗೊತ್ತುಮಾಡಿಕೊಂಡೆ.

ಚಿಲ್ಲರೆ ಉಲನ್‌ಗೆ ಚೌಕವೇ ಗತಿ. ಕ್ರೋಶಾದಲ್ಲಿ ಎತ್ತರದ ಹೆಣಿಗೆಗೆ ಕಂಬ, ಬರೀ ಕುಣಿಕೆಗೆ ಸರಪಳಿ ಎನ್ನುತ್ತೇವೆ. ಮೂರು ಕಂಬ, ಒಂದು ಸರಪಳಿ; ಮೂಲೆಗೆ ಬಂದಾಗ ಎರಡು ಸರಪಳಿ. ನಡುವಿನಿಂದ ಶುರುಮಾಡಿ ಸುತ್ತುತ್ತ ಹೋದರೆ ಆರಿಂಚಿನ ಚೌಕ. ಧಾರವಾಡದಲ್ಲಿ ಚಿಗರಿ ಬಸ್ಸು ಹತ್ತಿ ಕೂತರೆ ಹುಬ್ಬಳ್ಳಿ ಬರುವುದರೊಳಗೆ ಒಂದು ಮುಗಿಯುತ್ತದೆ. ಎ.ಸಿ. ನೇರ ನೆತ್ತಿಗೆ ಬಡಿಯುವ ಸೀಟು ಸಿಕ್ಕಿದ ದಿನ ಕೈ ಇನ್ನೂ ಚುರುಕು.

ಕಷ್ಟ ಇರುವುದು ಬಾಲದಲ್ಲಿ. ಬಣ್ಣ ಬದಲಾದಾಗೊಮ್ಮೆ ಶುರುವಿಗೊಂದು, ಕೊನೆಗೊಂದು ದಾರದ ತುದಿ ಉಳಿಯುತ್ತದೆ. ಚೌಕಕ್ಕೆ ಮೂರು ಬಣ್ಣ ಎಂದರೆ ಆರು ಬಾಲ. ಇಂಥ ಚೌಕ 48. ಒಟ್ಟು 288 ಬಾಲಗಳನ್ನು ಒಂದೊಂದಾಗಿ ಹಿಡಿದು ಹೆಣಿಗೆಯೊಳಗೆ ಅಡಗಿಸಬೇಕು. ಒಂದೇ ಬಣ್ಣದ ಹೊದಿಕೆ ಹಾಕುವವರಿಗೆ ಈ ಶಿಕ್ಷೆ ಇಲ್ಲ. ಕಂಬ ಹಾಕುವಾಗ ನಾನು ಹಾಡು ಗುನುಗುತ್ತೇನೆ, ಬಾಲ ಅಡಗಿಸುವಾಗ ಮನೆಯಲ್ಲಿ ಯಾರೂ ನನ್ನನ್ನು ಮಾತಾಡಿಸುವುದಿಲ್ಲ.

ಇಷ್ಟಾದ ಮೇಲೆ ಚೌಕಗಳನ್ನು ಕೂಡಿಸಲು, ಸುತ್ತ ಅಂಚು ಕಟ್ಟಲು ಒಂದೇ ಬಣ್ಣ ಬೇಕು. ಡಬ್ಬಿಯಲ್ಲಿ ಅಷ್ಟು ಇರುವುದಿಲ್ಲ. ಸುಭಾಸ ರಸ್ತೆಗೆ ಹೋಗಿ ಕಂದು ಬಣ್ಣದ್ದು ತರುತ್ತೇನೆ. ಲಾಟ್ ನಂಬರ್ ಬದಲಾದರೆ ಬಣ್ಣ ಕೂಡುವುದಿಲ್ಲವೆಂದು ಒಂದು ಲಡಿ ಹೆಚ್ಚಿಗೆಯೇ. ಅದರಲ್ಲಿ ಅರ್ಧ ಉಳಿದು ಡಬ್ಬಿ ಸೇರುತ್ತದೆ. ಬ್ಯಾಂಕಿನಲ್ಲಿ ಮೂವತ್ತು ವರ್ಷ ಲೆಕ್ಕ ಬರೆದ ನಮ್ಮ ಯಜಮಾನರಿಗೆ ಇದು ಇನ್ನೂ ತಿಳಿದಿಲ್ಲ. “ಉಳಿದದ್ದನ್ನ ಮುಗಿಸಾಕ ಹೊಸಾದು ತರೂದು, ಅದರಾಗ ಮತ್ತ ಉಳಿಸೂದು. ಇದ್ಯಾವ ಖಾತೆಕ್ಕ ಬರೀಬೇಕು?”

ಹೋದ ಶ್ರಾವಣದಲ್ಲಿ ಎರಡು ಹೊದಿಕೆ ಕೊಡಲು ಹೋದಾಗ ವಾರ್ಡಿನ ಹೊರಗೆ ನೆಲದ ಮೇಲೆ ಒಬ್ಬಾಕೆ ಕೂತಿದ್ದಳು. ಹೆಗಲ ಮೇಲೆ ನನ್ನ ಹಳದಿ! ರೋಗಿಗೆ ಕೊಟ್ಟದ್ದನ್ನು ಈಕೆ ಹೊದ್ದಿದ್ದಾಳಲ್ಲ ಎಂದು ಚುರ್ರೆಂದಿತು, ಸುಳ್ಳು ಯಾಕೆ ಹೇಳಲಿ. ನನ್ನ ಮುಖ ನೋಡಿಯೇ ಗೊತ್ತಾಯಿತೇನೋ. “ನವಲಗುಂದದ ಕಡಿಂದ ನಸುಕಿನ ಬಸ್ಸಿಗೆ ಬರತೀವ್ರಿ. ಅವರಿಗೆ ಒಳಗ ಇವತ್ತ ಬ್ಯಾರೆ ಕೊಟ್ಟಾರ” ಅಂದಳು. ಮಾತಾಡುತ್ತಲೇ ಬೆರಳಿಗೆ ಏನನ್ನೋ ಸುತ್ತಿಕೊಳ್ಳುತ್ತಿದ್ದಳು. ನೋಡಿದರೆ ನಾನು ಅಡಗಿಸಿದ ಒಂದು ಬಾಲ ಹೊರಗೆ ಬಂದಿದೆ.

“ಇದನ್ನ ಕತ್ತರಿಸಲೇನ್ರಿ?”

“ಬ್ಯಾಡ ಬ್ಯಾಡ, ಚೌಕ ಬಿಚ್ಚಿ ಬರತೈತಿ” ಎಂದು ಅಲ್ಲೇ ಪಕ್ಕಕ್ಕೆ ಕೂತು ಚೀಲದಿಂದ ಕಡ್ಡಿ ತೆಗೆದೆ. ಅವಳು ಹೊದಿಕೆ ತೆಗೆಯಲಿಲ್ಲ, ಆ ಮೂಲೆಯನ್ನಷ್ಟೇ ನನ್ನ ಕಡೆ ಚಾಚಿದಳು.

“ಎಲ್ಲಾ ಬಣ್ಣ ಬ್ಯಾರೆ ಬ್ಯಾರೆ ಯಾಕ್ರಿ?”

“ಉಳಿದದ್ದು ನೋಡವ್ವ, ಅದಕ್ಕ.”

ಸ್ವಲ್ಪ ಹೊತ್ತು ನನ್ನ ಕೈ ನೋಡಿದಳು. “ನಮ್ಮ ಮನ್ಯಾಗೂ ಎರಡ ಉಂಡಿ ಬಿದ್ದಾವ್ರಿ, ಮಗಳು ತೋರಣ ಮಾಡಿದ್ದು. ಮುಂದಿನ ಪಾಳಿಗೆ ಬರೂವಾಗ ತರತೇನಿ.”

ಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ.