ಎಚ್-ಇಂಡೆಕ್ಸ್ ಎಷ್ಟು ಅಂತ ಕೇಳುವ ಮುಂಚೆ

ಗೂಗಲ್ ಸ್ಕಾಲರ್‌ನಲ್ಲಿ ಯಾವುದೇ ಸಂಶೋಧಕರ ಪುಟ ತೆರೆಯಿರಿ. ಬಲಗಡೆ ಒಂದು ಚಿಕ್ಕ ಪಟ್ಟಿ ಇರುತ್ತದೆ. ಒಟ್ಟು ಸೈಟೇಶನ್ (ಅಂದರೆ ಬೇರೆ ಪೇಪರುಗಳು ಉಲ್ಲೇಖಿಸಿದ ಸಲಗಳು), ಎಚ್-ಇಂಡೆಕ್ಸ್, ಐ10-ಇಂಡೆಕ್ಸ್ (ಹತ್ತು ಸಲವಾದರೂ ಉಲ್ಲೇಖವಾದ ಪೇಪರುಗಳ ಸಂಖ್ಯೆ). ನಮ್ಮ ವಿಶ್ವವಿದ್ಯಾಲಯಗಳಲ್ಲಿ ಕೆಲಸಕ್ಕೆ ಇಂಟರ್‌ವ್ಯೂ ಮಾಡಲು ಕೂರುವ ಎಷ್ಟೋ ಜನ ಅಲ್ಲಿಂದ ಎಡಕ್ಕೆ ಕಣ್ಣು ಹಾಯಿಸುವುದೇ ಇಲ್ಲ. ಎಡಗಡೆ ಇರುವುದು ಪೇಪರುಗಳ ಹೆಸರು. ಅವನ್ನು ಓದಬೇಕಾಗುತ್ತದಲ್ಲ, ಅದೇ ತೊಂದರೆ.

ಎಚ್-ಇಂಡೆಕ್ಸ್ ದೊಡ್ಡ ಗಣಿತವೇನಲ್ಲ. ನಿಮ್ಮ 20 ಪೇಪರುಗಳನ್ನು ಬೇರೆಯವರು ತಲಾ 20 ಸಲವಾದರೂ ಉಲ್ಲೇಖಿಸಿದ್ದರೆ ನಿಮ್ಮ ಎಚ್ 20. 2005ರಲ್ಲಿ ಹೋರ್ಹೆ ಹಿರ್ಷ್ ಎಂಬ ಭೌತವಿಜ್ಞಾನಿ ಸೂಚಿಸಿದ ಲೆಕ್ಕ ಇದು. ಮಿದುಳಿನ ಮೇಲೆ ಕೆಲಸ ಮಾಡುವವರ ಹಣೆಗೂ ಅಂಟಿಕೊಂಡಿತು.

ಕಾಗ್ನಿಟಿವ್ ನ್ಯೂರೋಸೈನ್ಸ್ ಅಂದರೆ ನೆನಪು, ಗಮನ, ಭಾಷೆ ಇವೆಲ್ಲ ಮಿದುಳಿನಲ್ಲಿ ಹೇಗೆ ನಡೆಯುತ್ತವೆ ಅಂತ ಹುಡುಕುವ ಕ್ಷೇತ್ರ. ಇಲ್ಲಿ ಯೂನಿವರ್ಸಿಟಿ ಕಾಲೇಜ್ ಲಂಡನ್ನಿನ ಕಾರ್ಲ್ ಫ್ರಿಸ್ಟನ್ ಅವರ ಅಂಕಿಗಳನ್ನು ನೋಡಿದರೆ ತಲೆ ತಿರುಗುತ್ತದೆ. ಸೈಟೇಶನ್ ಲಕ್ಷಗಳಲ್ಲಿದೆ. ಆದರೆ ಅದರಲ್ಲಿ ಬಹಳಷ್ಟು ಬಂದಿರುವುದು ಅವರ ಎಸ್‌ಪಿಎಂ ಎಂಬ ಸಾಫ್ಟ್‌ವೇರ್ ಮತ್ತು ಅದರ ಹಿಂದಿನ ಲೆಕ್ಕದ ವಿಧಾನಗಳಿಂದ. ಸ್ಕ್ಯಾನ್ ಮಾಡಿದ ಮಿದುಳಿನ ಯಾವ ಭಾಗ ಚುರುಕಾಯಿತು ಅಂತ ಅದು ಲೆಕ್ಕ ಹಾಕಿ ಹೇಳುತ್ತದೆ. ಬಳಸಿದವರೆಲ್ಲ ವಿಧಾನದ ಭಾಗದಲ್ಲಿ ಒಂದು ಸಾಲು ಬರೆದು ಅವರ ಹೆಸರು ಹಾಕುತ್ತಾರೆ. ಅಡುಗೆ ಮಾಡಿದವರೆಲ್ಲ ಕುಕ್ಕರ್ ಕಂಪನಿ ಹೆಸರು ಬರೆದ ಹಾಗೆ. ಕುಕ್ಕರ್ ಒಳ್ಳೆಯದೇ, ತಕರಾರಿಲ್ಲ. ಆದರೆ ಅವರದೇ ಫ್ರೀ ಎನರ್ಜಿ ಸಿದ್ಧಾಂತವಿದೆ, ಮಿದುಳು ಸದಾ ಊಹೆ ಮಾಡುತ್ತಾ ಊಹೆಯ ತಪ್ಪನ್ನು ಕಡಿಮೆ ಮಾಡಿಕೊಳ್ಳುತ್ತದೆ ಅನ್ನುವುದು. ಅದು ಅರ್ಥವಾಯಿತು ಅನ್ನುವವರು ಯಾರು, ಆಗಲಿಲ್ಲ ಅನ್ನುವವರು ಯಾರು ಅಂತ ಇನ್ನೂ ಜಗಳ ನಡೆದಿದೆ. ಸಾಫ್ಟ್‌ವೇರಿಗೆ ಬಂದ ಉಲ್ಲೇಖ, ಸಿದ್ಧಾಂತಕ್ಕೆ ಬಂದ ಉಲ್ಲೇಖ, ಎರಡೂ ಒಂದೇ ಮೊತ್ತಕ್ಕೆ ಸೇರಿಬಿಡುತ್ತದೆ.

ಈಗ ಬ್ರೆಂಡಾ ಮಿಲ್ನರ್ ಎಂಬ ಮನೋವಿಜ್ಞಾನಿಯ ಕಡೆ ಬನ್ನಿ. 1953ರಲ್ಲಿ ಅಮೆರಿಕದ ಹಾರ್ಟ್‌ಫರ್ಡ್‌ನಲ್ಲಿ ವಿಲಿಯಂ ಸ್ಕೋವಿಲ್ ಎಂಬ ಸರ್ಜನ್, ಮೂರ್ಛೆರೋಗ ನಿಲ್ಲಿಸಲು 27ರ ಯುವಕನೊಬ್ಬನ ಮಿದುಳಿನ ಎರಡೂ ಬದಿಯಿಂದ ಹಿಪೊಕ್ಯಾಂಪಸ್ ಇರುವ ಭಾಗವನ್ನು ತೆಗೆದರು. ಮೂರ್ಛೆ ಕಡಿಮೆಯಾಯಿತು. ಜೊತೆಗೆ ಹೊಸ ನೆನಪು ಉಳಿಯುವುದೂ ನಿಂತುಹೋಯಿತು. ಮಿಲ್ನರ್ ಮಾಂಟ್ರಿಯಲ್‌ನಿಂದ ಬಂದು ಆತನನ್ನು ಪರೀಕ್ಷಿಸಿದರು. ಒಂದು ಪರೀಕ್ಷೆ ಹೀಗಿತ್ತು. ಕಾಗದದ ಮೇಲೆ ಎರಡು ಗೆರೆಗಳ ನಕ್ಷತ್ರ. ಗೆರೆಗಳ ನಡುವೆ ಪೆನ್ಸಿಲ್ ಓಡಿಸಬೇಕು. ಆದರೆ ಕೈ ನೇರವಾಗಿ ಕಾಣುವುದಿಲ್ಲ, ಕನ್ನಡಿಯಲ್ಲಿ ಮಾತ್ರ. ಸುಮ್ನೆ ಮನೆಯಲ್ಲಿ ಮಾಡಿ ನೋಡಿ, ಮೂಲೆ ಬಂದಾಗಲೆಲ್ಲ ಪೆನ್ಸಿಲ್ ಉಲ್ಟಾ ಓಡುತ್ತದೆ. ಮೂರು ದಿನದಲ್ಲಿ ಆತನ ಕೈ ಪಳಗಿತು. ಆದರೆ ಪ್ರತಿಸಲವೂ ಆತನಿಗೆ ಅದು ಜೀವನದಲ್ಲಿ ಮೊದಲ ಸಲ! ಕೈಗೆ ಬರುವ ಕಲಿಕೆ ಬೇರೆ, ನೆನಪಿಟ್ಟುಕೊಂಡು ಹೇಳುವ ನೆನಪು ಬೇರೆ ಅಂತ ಗೊತ್ತಾಗಿದ್ದು ಹೀಗೆ.

ಈ ಯುವಕನ ಬಗ್ಗೆ ಬಂದ 1957ರ ಪ್ರಸಿದ್ಧ ಪೇಪರಿನಲ್ಲಿ ಸ್ಕೋವಿಲ್ ಅವರ ಹೆಸರು ಮೊದಲು, ಮಿಲ್ನರ್ ಅವರದು ಎರಡನೆಯದು. ಕನ್ನಡಿ ಪ್ರಯೋಗವನ್ನು ಅವರು 1962ರಲ್ಲಿ ಪ್ರಕಟಿಸಿದ್ದು ಫ್ರೆಂಚಿನಲ್ಲಿ, ಒಂದು ವಿಚಾರಗೋಷ್ಠಿಯ ಸಂಪುಟದಲ್ಲಿ. ನಮ್ಮ ಯಾವ ಕಮಿಟಿ ಇದಕ್ಕೆ ಅಂಕ ಕೊಡುತ್ತಿತ್ತು ಹೇಳಿ?

ನರವಿಜ್ಞಾನಿ ಜಾನ್ ಓಕೀಫ್ ಕಥೆಯೂ ಹಾಗೇ. ಇಲಿ ನಿಂತ ಜಾಗಕ್ಕೆ ತಕ್ಕಂತೆ ಮಿಡಿಯುವ ನರಕೋಶಗಳಿವೆ ಅಂತ 1971ರಲ್ಲಿ ಡೊಸ್ಟ್ರೊವ್‌ಸ್ಕಿ ಜೊತೆ ಒಂದು ಪುಟ್ಟ ವರದಿ ಬರೆದರು. ಅನೇಕರು ನಂಬಲಿಲ್ಲ. ನೊಬೆಲ್ ಬಂದಿದ್ದು 2014ರಲ್ಲಿ. ಇನ್ನೊಂದು ಕಡೆ, ಅಲ್ಝೈಮರ್ಸ್ ಬಗ್ಗೆ 2006ರಲ್ಲಿ ನೇಚರ್‌ನಲ್ಲಿ ಬಂದ ಪೇಪರೊಂದಕ್ಕೆ ಸುಮಾರು 2,500 ಸೈಟೇಶನ್ ಬಂತು. ಚಿತ್ರಗಳನ್ನು ತಿದ್ದಿದ್ದಾರೆ ಅಂತ ಬಯಲಾಗಿ 2024ರಲ್ಲಿ ಅದನ್ನು ಹಿಂಪಡೆದರು. ಆ 2,500 ಮಾತ್ರ ಹಾಗೇ ಇದೆ.

2010ರಲ್ಲಿ ಯುಜಿಸಿ, ಅಧ್ಯಾಪಕರ ಕೆಲಸ ಅಳೆಯುವ ಎಪಿಐ ಎಂಬ ಅಂಕ ತಂದ ಮೇಲೆ ನಮ್ಮ ಮೇಷ್ಟ್ರುಗಳು ಪೇಪರ್ ಎಣಿಸುವುದನ್ನು ಕಲಿತರು. ದುಡ್ಡು ಕೊಟ್ಟರೆ ವಾರದೊಳಗೆ ಅಚ್ಚು ಹಾಕುವ ಜರ್ನಲ್‌ಗಳಿಗೆ ಸುಗ್ಗಿಯೋ ಸುಗ್ಗಿ. ಪಿಎಚ್‌ಡಿ ಥೀಸಿಸ್ ಕೊಡುವ ಮುಂಚೆ ಪೇಪರ್ ಬಂದಿರಲೇಬೇಕು ಅನ್ನುವ ನಿಯಮವನ್ನು 2022ರಲ್ಲಿ ಕೈಬಿಟ್ಟರು. ಒಳ್ಳೆಯದಾಯಿತು, ಆದರೆ ಎಣಿಸುವ ಚಟ ಬಿಟ್ಟಿಲ್ಲ.

"ಇನ್ನೂರು ಅರ್ಜಿ ಬರುತ್ತೆ ಸ್ವಾಮಿ, ಎಲ್ಲಾ ಓದೋಕಾಗುತ್ತಾ?" ಅಂತ ಕೇಳುತ್ತಾರೆ. ಆಗಲ್ಲ, ಒಪ್ಪಿದೆ. ಜರಡಿ ಹಿಡಿಯಲು ಅಂಕಿ ಬಳಸಿ. ಕೊನೆಗೆ ಐದಾರು ಜನ ಉಳಿದಾಗಲಾದರೂ ತಲಾ ಒಂದು ಪೇಪರ್ ಓದಿಕೊಂಡು ಬನ್ನಿ. ಹದಿನಾಲ್ಕು ಹೆಸರಿರುವ ಪೇಪರ್ ಇದ್ದರೆ ಕೇಳಿ: ಈ ಪ್ರಶ್ನೆ ಹೊಳೆದದ್ದು ಯಾರಿಗೆ, ಸ್ಕ್ಯಾನರ್ ಪಕ್ಕ ಕೂತವರು ಯಾರು, ಲೆಕ್ಕ ಮಾಡಿದ್ದು ಯಾರು, ಇದರಲ್ಲಿ ನಿಮ್ಮ ಕೆಲಸ ಎಷ್ಟು? ಕೆಲಸ ಮಾಡಿದವರು ಹತ್ತು ನಿಮಿಷದಲ್ಲಿ ಹೇಳಿಬಿಡುತ್ತಾರೆ. ಮಾಡದವರ ಮುಖ ನೋಡಿದರೆ ನಿಮಗೇ ಗೊತ್ತಾಗುತ್ತದೆ.