ಬೈಲು ಗದ್ದೆಗೆ ಮಣ್ಣು ತುಂಬಿಸುವುದನ್ನು ನಿಷೇಧಿಸಬೇಕಾ? ಉಡುಪಿಯಿಂದ ಪರ-ವಿರೋಧ

ಉಡುಪಿ ಪೇಟೆಯ ಒಳಗೆ ಇನ್ನೂ ಬೈಲು, ಅಂದರೆ ತಗ್ಗಿನ ಗದ್ದೆಗಳಿವೆ. ಎಷ್ಟೋ ಗದ್ದೆ ಬೇಸಾಯ ಇಲ್ಲದೆ ಹಡಿಲು ಬಿದ್ದಿವೆ. ಪ್ರತಿವರ್ಷ ಮಳೆ ನಿಂತ ಮೇಲೆ ಕೆಂಪು ಮಣ್ಣಿನ ಟಿಪ್ಪರ್‌ಗಳು ಬರುತ್ತವೆ, ಬೇಸಿಗೆ ಮುಗಿಯುವಷ್ಟರಲ್ಲಿ ಇನ್ನೊಂದು ಗದ್ದೆ ಸೈಟ್ ಆಗಿರುತ್ತದೆ. ಇದನ್ನು ಕಾನೂನು ಮಾಡಿ ಪೂರ್ತಿ ನಿಲ್ಲಿಸಬೇಕಾ? ಈ ವಿಷಯದಲ್ಲಿ ನಮ್ಮ ಕುಟುಂಬದಲ್ಲೇ ಎರಡು ಪಕ್ಷ ಇದೆ. ಎರಡೂ ಕಡೆಯವರ ಮಾತಿನಲ್ಲಿ ಹುರುಳಿದೆ ಅಂತ ನನಗೆ ನಿಜವಾಗಿ ಅನಿಸಿದೆ. ಅದಕ್ಕೇ ಎರಡನ್ನೂ ಬರೆದಿದ್ದೇನೆ.

ಪರ: ಒಂದು ಬುಟ್ಟಿ ಮಣ್ಣೂ ಬೀಳಬಾರದು

2020ರ ಸೆಪ್ಟೆಂಬರ್ 20, ಭಾನುವಾರ. ಬೆಳಗಿನ ಜಾವ ಮಂಚದಿಂದ ಕಾಲು ಕೆಳಗಿಟ್ಟರೆ ಮೊಣಕಾಲಿನ ಹತ್ತಿರದವರೆಗೆ ನೀರು. ಲೈಟ್ ಹಾಕಲು ಹೆದರಿಕೆ. ಮೊಬೈಲ್ ಬೆಳಕಿನಲ್ಲಿ ಅಡುಗೆ ಕೋಣೆಗೆ ಹೋದರೆ ಖಾಲಿ ಗ್ಯಾಸ್ ಸಿಲಿಂಡರ್ ಒಂದು ಬದಿಗೆ ವಾಲಿಕೊಂಡು ತೇಲುತ್ತಿತ್ತು, ಅಕ್ಕಿ ಡಬ್ಬದ ಮುಚ್ಚಳ ಬಾಗಿಲ ಹತ್ತಿರ ಬಂದಿತ್ತು. ಅಮ್ಮ ದೇವರ ಫೋಟೋಗಳನ್ನು ಮೊದಲು ಅಟ್ಟಕ್ಕೆ ಏರಿಸಿದಳು, ಆಮೇಲೆ ಅಕ್ಕಿ.

ಅವತ್ತು 24 ಗಂಟೆಯಲ್ಲಿ ಸುರಿದದ್ದು 300 ಮಿ.ಮೀ.ಗೂ ಜಾಸ್ತಿ. ಹವಾಮಾನ ಇಲಾಖೆ 204.5 ಮಿ.ಮೀ. ದಾಟಿದರೆ ಅತಿ ವಿಪರೀತ ಮಳೆ ಅನ್ನುತ್ತದೆ. ಕಲ್ಸಂಕ, ಬೈಲಕೆರೆ, ಗುಂಡಿಬೈಲು, ಕೃಷ್ಣ ಮಠದ ಪಾರ್ಕಿಂಗ್ ಜಾಗ ಎಲ್ಲ ಒಂದೇ ಕೆರೆ. ಜನರನ್ನು ದೋಣಿಯಲ್ಲಿ ಸಾಗಿಸಬೇಕಾಯಿತು.

ಈ ಊರುಗಳ ಹೆಸರನ್ನೇ ನೋಡಿ. ನಮ್ಮ ಹಿರಿಯರು ಗದ್ದೆಯನ್ನು ಮೂರು ಬಗೆ ಮಾಡಿದ್ದರು. ಎತ್ತರದ್ದು ಬೆಟ್ಟು, ಅಲ್ಲಿ ಮಳೆಗಾಲದ ಏಣೆಲು ಒಂದೇ ಬೆಳೆ. ಮಧ್ಯದ್ದು ಮಜಲು, ಅಲ್ಲಿ ಏಣೆಲು, ಸುಗ್ಗಿ ಎರಡೂ ಆಗುತ್ತದೆ. ಎಲ್ಲಕ್ಕಿಂತ ಕೆಳಗಿನದು ಬೈಲು, ಅಲ್ಲಿ ಬೇಸಿಗೆಯಲ್ಲೂ ನೀರು ಇರುವುದರಿಂದ ಕೊಳಕೆ ಅನ್ನುವ ಮೂರನೇ ಬೆಳೆಯೂ ಬರುತ್ತದೆ. ಅಂದರೆ ನೀರು ಎಲ್ಲಿ ನಿಲ್ಲುತ್ತದೆ ಅನ್ನುವ ನಕ್ಷೆ ಊರಿನ ಹೆಸರಲ್ಲೇ ಇತ್ತು. ಗುಂಡಿಬೈಲು ಅಂದರೆ ಏನು ಅಂತ ಯಾರಿಗಾದರೂ ಬಿಡಿಸಿ ಹೇಳಬೇಕಾ? ಮಣಿಪಾಲದ ಗುಡ್ಡದಿಂದ ಇಳಿಯುವ ನೀರು ಇಂದ್ರಾಣಿ ಅನ್ನುವ ತೋಡು, ಅಂದರೆ ಹಳ್ಳ, ಸೇರಿ ಪೇಟೆ ದಾಟಿ ಮಲ್ಪೆ ಕಡೆ ಸಮುದ್ರಕ್ಕೆ ಹೋಗಬೇಕು. ದಾರಿಯಲ್ಲಿ ಅದಕ್ಕೆ ಸುಧಾರಿಸಿಕೊಳ್ಳಲು ಇದ್ದ ಜಾಗ ಈ ಬೈಲು. ಆ ಜಾಗವನ್ನು ನಾವು ಒಂದೊಂದೇ ತುಂಬಿಸುತ್ತಾ ಬಂದೆವು.

ಲೆಕ್ಕ ಕಷ್ಟದ್ದಲ್ಲ. ಒಂದು ಎಕರೆ ಗದ್ದೆಯ ಸುತ್ತ ಪುಣಿ, ಅಂದರೆ ಬದು, ಸರಿ ಇದ್ದು 10 ಸೆಂ.ಮೀ. ನೀರು ನಿಂತರೆ ಅದು 4 ಲಕ್ಷ ಲೀಟರ್. 10,000 ಲೀಟರ್‌ನ ಟ್ಯಾಂಕರ್ ಆದರೆ 40 ಟ್ಯಾಂಕರ್. ಅದೇ ಜಾಗದಲ್ಲಿ ಒಂದು ಮೀಟರ್ ಮಣ್ಣು ತುಂಬಿಸಿ ಮೇಲೆ ಇಂಟರ್‌ಲಾಕ್ ಹಾಕಿದರೆ ಆ ನೀರು ಪಕ್ಕದವರ ಮನೆಗೆ ಹೋಗುತ್ತದೆ. ನಮ್ಮ ಮನೆಗೆ ಬಂದದ್ದು ಹಾಗೆಯೇ. ಪಕ್ಕದ ಗದ್ದೆ ಹಿಂದಿನ ಬೇಸಿಗೆಯಲ್ಲಿ ನಮ್ಮ ಕಿಟಕಿಯ ಮಟ್ಟಕ್ಕೆ ಎದ್ದಿತ್ತು.

ಜಪಾನಿನಲ್ಲಿ ಇದನ್ನೇ ಒಂದು ವಿದ್ಯೆ ಮಾಡಿಕೊಂಡಿದ್ದಾರೆ. ನೀಗಾತ ಪ್ರಾಂತ್ಯದ ಮುರಕಾಮಿಯಲ್ಲಿ 2002ರಲ್ಲಿ ಗದ್ದೆ ಅಣೆಕಟ್ಟು ಅನ್ನುವ ಪದ್ಧತಿ ಶುರುವಾಯಿತು. ಗದ್ದೆಯಿಂದ ನೀರು ಹೊರಹೋಗುವ ಕಂಡಿಗೆ ಸಣ್ಣ ತೂತಿನ ಒಂದು ಹಲಗೆ, ಅಷ್ಟೇ. ದೊಡ್ಡ ಮಳೆ ಬಂದರೆ ನೀರು ಒಮ್ಮೆಲೇ ತೋಡಿಗೆ ನುಗ್ಗದೆ ಗದ್ದೆಯಲ್ಲೇ ನಿಂತು ನಿಧಾನಕ್ಕೆ ಇಳಿಯುತ್ತದೆ. ಅಲ್ಲಿನ ಸಂಶೋಧಕರು ಅಳೆದು ನೋಡಿದ್ದೂ ಇದನ್ನೇ, ತೋಡಿನ ನೀರು ಗರಿಷ್ಠ ಮಟ್ಟಕ್ಕೆ ಏರುವುದು ಎಷ್ಟು ತಗ್ಗುತ್ತದೆ ಅಂತ. ಕಾಂಕ್ರೀಟ್ ಬೇಡ, ಪಂಪ್ ಬೇಡ.

ಇನ್ನೊಂದು ವಿಷಯ ಬಾವಿ. ವರ್ಷಕ್ಕೆ 4000 ಮಿ.ಮೀ. ಆಸುಪಾಸು ಮಳೆ ಬೀಳುವ ಊರಲ್ಲಿ 2019ರ ಮೇ ತಿಂಗಳಲ್ಲಿ ಸ್ವರ್ಣಾ ನದಿಯ ಬಜೆ ಅಣೆಕಟ್ಟು ಒಣಗಿತು, ನಗರಕ್ಕೆ ಕುಡಿಯುವ ನೀರಿಲ್ಲದೆ ಟ್ಯಾಂಕರ್‌ಗೆ ಕಾದೆವು. ಗದ್ದೆಯಲ್ಲಿ ದಿನಕ್ಕೆ 5 ಮಿ.ಮೀ. ಇಂಗಿದರೂ ಎಕರೆಗೆ 20,000 ಲೀಟರ್ ನೆಲಕ್ಕೆ ಹೋಗುತ್ತದೆ. ಗದ್ದೆ ಹೋದ ಕಡೆ ಬಾವಿ ಬೇಗ ಬತ್ತುವುದು ನಮ್ಮ ಓಣಿಯವರಿಗೆಲ್ಲ ಗೊತ್ತು.

ಕೇರಳ 2008ರಲ್ಲೇ ಭತ್ತದ ಗದ್ದೆ ಮತ್ತು ಜೌಗು ಭೂಮಿ ಉಳಿಸುವ ಕಾಯ್ದೆ ತಂದಿತು. ಬೇರೆ ಜಾಗ ಇಲ್ಲದವರಿಗೆ ಮನೆ ಕಟ್ಟಲು ಪಂಚಾಯತ್‌ನಲ್ಲಿ 10 ಸೆಂಟ್ಸ್, ನಗರದಲ್ಲಿ 5 ಸೆಂಟ್ಸ್ ವರೆಗೆ ಅವಕಾಶ ಇಟ್ಟಿತು. ನಮ್ಮ ಮಣ್ಣು, ಮಳೆ ಎಲ್ಲ ಅವರ ಹಾಗೇ. ನಮಗೆ ಯಾಕೆ ಬೇಡ? ಗಾಳಿಯ ಬಿಸಿ ಒಂದು ಡಿಗ್ರಿ ಏರಿದರೆ ಅದು ಸುಮಾರು 7 ಶೇಕಡಾ ಜಾಸ್ತಿ ನೀರಾವಿ ಹಿಡಿದುಕೊಳ್ಳುತ್ತದೆ. 2020ರಂಥ ಭಾನುವಾರ ಮತ್ತೆ ಬರುತ್ತದೆ, ಅಷ್ಟರೊಳಗೆ ಉಳಿದ ಬೈಲೂ ಹೋಗಿದ್ದರೆ ನೀರನ್ನು ಎಲ್ಲಿ ಇಡೋಣ ಹೇಳಿ.

ವಿರೋಧ: ದೊಡ್ಡಮ್ಮನ 45 ಸೆಂಟ್ಸ್ ಮೇಲೆ ಊರಿನ ಭಾರ ಹೊರಿಸಬೇಡಿ

ನನ್ನ ದೊಡ್ಡಮ್ಮನಿಗೆ 45 ಸೆಂಟ್ಸ್ ಬೈಲು ಗದ್ದೆ ಇದೆ. ಅವಳ ಮಾವ ಗೇಣಿಗೆ ಮಾಡುತ್ತಿದ್ದ ಗದ್ದೆ ಅದು. 1974ರ ಭೂಸುಧಾರಣೆ ಬಂದಾಗ ಡಿಕ್ಲರೇಶನ್, ಅಂದರೆ ಗೇಣಿದಾರರ ಅರ್ಜಿ, ಹಾಕಿ ಅವರ ಹೆಸರಿಗಾಯಿತು. ಆ ಮನೆಯ ಒಟ್ಟು ಆಸ್ತಿ ಅಷ್ಟೇ. ಒಬ್ಬ ಮಗ ಮುಂಬೈಯಲ್ಲಿ ಹೋಟೆಲ್ ಕೆಲಸ, ಇನ್ನೊಬ್ಬ ಗಲ್ಫ್‌ನಲ್ಲಿ. ಎಂಟು ವರ್ಷದಿಂದ ಗದ್ದೆ ಹಡಿಲು. ನೇಜಿ, ಅಂದರೆ ಭತ್ತದ ಸಸಿ, ನೆಡಲು ಜನ ಸಿಗುವುದಿಲ್ಲ, ಯಂತ್ರ ಇಳಿಸಲು ದಾರಿ ಇಲ್ಲ. ದಾರಿ ಹೋದದ್ದು ಪಕ್ಕದವರು ಮಣ್ಣು ತುಂಬಿಸಿದ ಮೇಲೆ. ಉಳಿದ ಒಂದಿಷ್ಟು ಪೈರನ್ನು ನವಿಲು ಬಿಡುವುದಿಲ್ಲ.

ಈಗ ಅವಳಿಗೆ ಹೋಗಿ, ಊರು ಮುಳುಗುತ್ತದೆ, ನೀನು ಮಾರಬಾರದು ಅನ್ನಬೇಕಾ? ಮೊದಲು ತುಂಬಿಸಿದವರು ಲಾಭ ಮಾಡಿಕೊಂಡರು. ನಮ್ಮ ಮನೆಯೂ 1990ರ ದಶಕದಲ್ಲಿ ಅಪ್ಪ ಗದ್ದೆ ತುಂಬಿಸಿಯೇ ಕಟ್ಟಿದ್ದು. ಅದನ್ನು ಬಚ್ಚಿಟ್ಟು ನಾನು ಈ ವಿಷಯ ಬರೆಯಲಾರೆ. ನಾವು ಒಳಗೆ ಬಂದು ಕೂತೆವು, ಈಗ ಬಾಗಿಲು ಹಾಕಿ ಅನ್ನುತ್ತಿದ್ದೇವೆ. ಹವಾಮಾನ ಬದಲಾವಣೆಯ ಬಗ್ಗೆ ವಿಶ್ವಸಂಸ್ಥೆಯ ತಜ್ಞರ ಸಮಿತಿ ಐಪಿಸಿಸಿ 2022ರಲ್ಲಿ ಕೊಟ್ಟ ವರದಿ ಇಂಥ ತಪ್ಪುಗಳಿಗೆ ಮಾಲ್‌ಅಡಾಪ್ಟೇಶನ್ ಅನ್ನುವ ಪದ ಬಳಸುತ್ತದೆ. ಹೊಂದಿಕೊಳ್ಳುವ ಹೆಸರಿನಲ್ಲಿ ಒಬ್ಬರ ಅಪಾಯವನ್ನು ಇನ್ನೊಬ್ಬರ ತಲೆಗೆ ಕಟ್ಟುವುದು, ಅದರಲ್ಲೂ ಮೊದಲೇ ಕಷ್ಟದಲ್ಲಿ ಇರುವವರ ತಲೆಗೆ. ಪರಿಹಾರ ಇಲ್ಲದ ನಿಷೇಧ ಇದೇ ತಾನೇ?

ಸರಿ, ನಿಷೇಧ ಮಾಡಿದೆವು ಅಂತಲೇ ಇಟ್ಟುಕೊಳ್ಳೋಣ. ನೀರು ನಿಲ್ಲುತ್ತದಾ? ಆ 4 ಲಕ್ಷ ಲೀಟರ್ ಲೆಕ್ಕ ಉತ್ತ ಗದ್ದೆಯದು, ಪುಣಿ ಕಟ್ಟಿದ ಗದ್ದೆಯದು. ದೊಡ್ಡಮ್ಮನ ಗದ್ದೆಗೆ ಹೋಗಿ ನೋಡಿದೆ. ಪುಣಿಯನ್ನು ಏಡಿ, ಹೆಗ್ಗಣ ತೋಡಿ ಮೂರು ಕಡೆ ಕುಸಿದಿದೆ. ಕಂಡಿಯಲ್ಲಿ ಒಂದು ಸಿಮೆಂಟ್ ಚೀಲ, ಎರಡು ಬಾಟಲಿ, ಅದರ ಮೇಲೆ ಕೆಸರು. ನಡುವೆ ಎದೆ ಮಟ್ಟದ ಹುಲ್ಲು. ಆ ಗದ್ದೆ ನೀರನ್ನು ತಡೆಯುವುದೂ ಇಲ್ಲ, ಸರಿಯಾಗಿ ಬಿಡುವುದೂ ಇಲ್ಲ. ಜಪಾನಿನ ಹಲಗೆ ಕೆಲಸ ಮಾಡುವುದು ಅದನ್ನು ನೋಡಿಕೊಳ್ಳಲು ಒಬ್ಬ ರೈತ ಇರುವುದರಿಂದ. ನೀರು ಹಿಡಿಯುವುದು ಮೇಲಿನ ರೈತನ ಗದ್ದೆ, ಲಾಭ ಕೆಳಗಿನ ಪೇಟೆಗೆ. ಹಾಗಾದರೆ ಖರ್ಚು ಯಾರದ್ದು ಅಂತ ಅಲ್ಲೂ ಕೇಳುತ್ತಾರೆ. ನಾವು ಕೇಳುತ್ತಲೇ ಇಲ್ಲ.

2021ರಲ್ಲಿ ಆಗಿನ ಶಾಸಕ ರಘುಪತಿ ಭಟ್ ಅವರ ಮುಂದಾಳತ್ವದಲ್ಲಿ ಕೇದಾರೋತ್ಥಾನ ಟ್ರಸ್ಟ್ ಉಡುಪಿಯಲ್ಲಿ ಹಡಿಲು ಭೂಮಿ ಕೃಷಿ ಆಂದೋಲನ ಮಾಡಿತು. ಎಷ್ಟೋ ವರ್ಷ ಹುಲ್ಲು ಬೆಳೆದ ಗದ್ದೆಗಳು ಹಸಿರಾದವು. ಉಡುಪಿ ಕೇದಾರ ಕಜೆ ಅಂತ ಅಕ್ಕಿಯೂ ಮಾರುಕಟ್ಟೆಗೆ ಬಂತು. ನೋಡಿ ಖುಷಿಪಟ್ಟವರಲ್ಲಿ ನಾನೂ ಒಬ್ಬ. ಅದು ಆದದ್ದು ಜನ, ಯಂತ್ರ, ದುಡ್ಡು, ತೋಡಿನ ಹೂಳೆತ್ತುವುದು ಎಲ್ಲ ಒಟ್ಟಿಗೆ ಬಂದದ್ದರಿಂದ. ಕಾನೂನಿನ ಒಂದು ಹಾಳೆಯಿಂದ ಅಷ್ಟು ಕೆಲಸ ಆಗುವುದಿಲ್ಲ.

ಮತ್ತೆ ಸೆಪ್ಟೆಂಬರ್ ತಿಂಗಳ ಮಾತು. ಆಗ ಬೈಲು ಮೊದಲೇ ತುಂಬಿರುತ್ತದೆ, ನೆಲ ನೆನೆದಿರುತ್ತದೆ. ಅದರ ಮೇಲೆ 300 ಮಿ.ಮೀ. ಬಿದ್ದರೆ ಪುಣಿ ಮೀರಿ ಹೋಗಲೇಬೇಕು. ಅವತ್ತು ಹೆಸರಲ್ಲೇ ಬೆಟ್ಟು ಇರುವ ಮಠದಬೆಟ್ಟಿಗೂ ನೀರು ಬಂದಿತ್ತು. ಚೀನಾದ ಝೆಂಗ್‌ಝೌ ನಗರ ಸ್ಪಂಜ್ ಸಿಟಿ, ಅಂದರೆ ಮಳೆನೀರನ್ನು ಸ್ಪಂಜಿನ ಹಾಗೆ ಹೀರಿಕೊಳ್ಳುವ ಊರು, ಆಗಲು ಅಪಾರ ದುಡ್ಡು ಸುರಿದಿತ್ತು. 2021ರ ಜುಲೈ 20ರಂದು ಅಲ್ಲಿ ಒಂದೇ ಗಂಟೆಯಲ್ಲಿ 201.9 ಮಿ.ಮೀ. ಸುರಿಯಿತು, ಮೆಟ್ರೋ ಸುರಂಗದಲ್ಲೇ ಜನ ಸತ್ತರು. ಗದ್ದೆ ಸಾಧಾರಣ ದೊಡ್ಡ ಮಳೆಗೆ ಸಹಾಯ ಮಾಡುತ್ತದೆ, ಅದನ್ನು ಒಪ್ಪುತ್ತೇನೆ. ಮಹಾ ಮಳೆಗೆ ತೋಡು ಅಗಲ ಇರಬೇಕು, ಇಂದ್ರಾಣಿಯಲ್ಲಿ ಕೊಳಚೆ, ಹೂಳು ಇರಬಾರದು, ಸಮುದ್ರದ ಉಬ್ಬರ ಇರುವಾಗ ನೀರು ನಿಲ್ಲಲು ಕೊಡವೂರು, ಕಲ್ಮಾಡಿ ಕಡೆ ಜಾಗ ಇರಬೇಕು.

ಬೈಲಿನಲ್ಲಿ ಮನೆ ಬೇಡ ಅಂದರೆ ಜನ ಎಲ್ಲಿ ಕಟ್ಟುತ್ತಾರೆ ಅನ್ನುವುದೂ ಇದೆ. ಗುಡ್ಡದಲ್ಲಿ. ಮಣಿಪಾಲದ ಕಡೆ ಮುರಕಲ್ಲಿನ ಗುಡ್ಡ ಕಡಿದು ಸಪಾಟು ಮಾಡಿದರೆ ಅಲ್ಲಿ ಇಂಗುತ್ತಿದ್ದ ನೀರೂ ಕೆಳಗಿನ ಪೇಟೆಗೇ ಓಡಿ ಬರುತ್ತದೆ, ಧರೆ ಕುಸಿಯುವ ಹೆದರಿಕೆ ಬೇರೆ. ಕೇರಳದಲ್ಲಿ ಕೂಡ 2018ರಲ್ಲಿ ಕಾಯ್ದೆ ತಿದ್ದಿ, 2008ಕ್ಕೆ ಮೊದಲೇ ತುಂಬಿಸಿದ, ಪಟ್ಟಿಯಲ್ಲಿ ಸೇರದ ಜಾಗಕ್ಕೆ ಶುಲ್ಕ ಕಟ್ಟಿಸಿಕೊಂಡು ಸಕ್ರಮ ಮಾಡುವ ದಾರಿ ಮಾಡಿಕೊಟ್ಟರು. ದುಡ್ಡು ಇದ್ದವರಿಗೆ ದಾರಿ ಸಿಗುತ್ತದೆ ಅಂತ ದೊಡ್ಡಮ್ಮನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಬೈಲು ಬೇಕು ಅಂದರೆ ಬೈಲಿಗೆ ಬಾಡಿಗೆ ಕೊಡಿ. ಚರಂಡಿಗೆ ದುಡ್ಡು ಹಾಕುವ ಹಾಗೆ ಗದ್ದೆಗೂ ಹಾಕಿ. ವರ್ಷಕ್ಕೆ ಎಕರೆಗೆ ಇಷ್ಟು, ಪುಣಿ ಕಟ್ಟಿ ಕಂಡಿ ಸರಿ ಇಟ್ಟವರಿಗೆ. ಅಪಾರ್ಟ್‌ಮೆಂಟ್ ಕಟ್ಟಿದವರು, ನಮ್ಮಂಥವರು, ಅದಕ್ಕೆ ತೆರಿಗೆಯಲ್ಲಿ ಒಂದಿಷ್ಟು ಸೇರಿಸಿ ಕೊಡೋಣ. ಅದನ್ನು ಮಾಡದೆ ಸುಮ್ನೆ ನಿಷೇಧ ಅನ್ನುವುದನ್ನು ನಾನು ಒಪ್ಪುವುದಿಲ್ಲ.

ಕಳೆದ ವರ್ಷ ಹೊಸ ಭತ್ತದ ತೆನೆಯನ್ನು ಮನೆಯಲ್ಲಿ ಕಟ್ಟುವ ಹಬ್ಬದ ದಿನ ದೊಡ್ಡಮ್ಮ ಆ ಕದಿರನ್ನು ಪೇಟೆಯಿಂದ ಕೊಂಡು ತಂದಳು. ಮದುವೆಯಾಗಿ ಬಂದ ಮೇಲೆ ಮೊದಲ ಸಲ ಅಂತೆ. ಈ ಜನವರಿಯಲ್ಲಿ ಒಬ್ಬರು ಬಂದು ಸೆಂಟ್ಸ್‌ಗೆ ಇಷ್ಟು ಅಂತ ರೇಟು ಹೇಳಿ ಹೋಗಿದ್ದಾರೆ. ಅವಳು ಇನ್ನೂ ಉತ್ತರ ಕೊಟ್ಟಿಲ್ಲ.