ಹುಣಸೆ ಬೀಜದ ಲೆಕ್ಕ

ಚಾಮುಂಡಿ ಬೆಟ್ಟಕ್ಕೆ ಎಷ್ಟು ಮೆಟ್ಟಿಲು ಎಂದು ಮೈಸೂರಿನಲ್ಲಿ ಯಾರನ್ನು ಕೇಳಿದರೂ ಸಾವಿರ ಎನ್ನುತ್ತಾರೆ. ಭಕ್ತಿ ತುಸು ಹೆಚ್ಚಿರುವವರು ಸಾವಿರದ ಎಂಟು ಎನ್ನುತ್ತಾರೆ. ಸಾವಿರದ ಒಂದು ಎನ್ನುವವರೂ ಇದ್ದಾರೆ. ಬಹುಶಃ ಮುಯ್ಯಿಯ ಲಕೋಟೆಗೆ ಒಂದು ರೂಪಾಯಿಯ ನಾಣ್ಯ ಸೇರಿಸಿ ರೂಢಿಯಾದವರು. ನಾವು ನಾಲ್ಕು ಜನ ಹೆಂಗಸರು ಭಾನುವಾರಗಳಂದು ಈ ಮೆಟ್ಟಿಲುಗಳನ್ನು ಎಣಿಸುತ್ತಾ ಹತ್ತುತ್ತೇವೆ. ಒಟ್ಟಿಗೆ ಹೊರಟು, ಅವೇ ಕಲ್ಲುಗಳ ಮೇಲೆ ಕಾಲಿಟ್ಟು, ಒಟ್ಟಿಗೇ ಮೇಲೆ ತಲುಪಿ, ನಾಲ್ಕು ಬೇರೆ ಬೇರೆ ಸಂಖ್ಯೆ ಹೇಳುತ್ತೇವೆ. ಒಂದು ಭಾನುವಾರ ನನ್ನದು 1,011, ನಮ್ಮಲ್ಲಿ ಅಂಚೆ ಇಲಾಖೆಯಲ್ಲಿದ್ದವರದು 998. ಹದಿಮೂರು ಮೆಟ್ಟಿಲು ಎಲ್ಲಿ ಹೋದವು ಎಂಬ ಜಗಳ ದೇವಸ್ಥಾನದ ಬಾಗಿಲ ತನಕ ನಡೆಯಿತು. ಕೈ ಮುಗಿಯುವಷ್ಟು ಹೊತ್ತು ನಿಂತು, ಹೊರಗೆ ಬಂದ ಮೇಲೆ ಮುಂದುವರಿಯಿತು.

ಇದೆಲ್ಲ ಶುರುವಾದದ್ದು ಒಂದು ರಕ್ತಪರೀಕ್ಷೆಯ ವರದಿಯಿಂದ. ವರದಿ ನೋಡಿದ ವೈದ್ಯರು ಚೀಟಿಯಲ್ಲಿ ಮಾತ್ರೆಯ ಹೆಸರಿಗಿಂತ ಮೇಲೆ ‘ನಡಿಗೆ’ ಎಂದು ಬರೆದು ಅಡಿಗೆರೆ ಎಳೆದರು. ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಮೈ ಬೆಚ್ಚಗಾಗುವಂಥ ಚಟುವಟಿಕೆ ಬೇಕು, 300 ಆದರೆ ಇನ್ನೂ ಒಳ್ಳೆಯದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಮಗಳು ಅದನ್ನು ಕೇಳಿದ್ದೇ ತಡ, ಒಂದು ಜಿಮ್‌ಗೆ ವರ್ಷದ ದುಡ್ಡು ಕಟ್ಟಿಬಿಟ್ಟಳು. ಅಲ್ಲಿ ಎಷ್ಟು ನಡೆದರೂ ಎಲ್ಲಿಗೂ ಹೋಗಿ ಮುಟ್ಟದ ಯಂತ್ರವೊಂದಿತ್ತು. ಅದರ ಎದುರಿನ ಗೋಡೆಯ ತುಂಬ ಕನ್ನಡಿ. ಐವತ್ತೇಳನೆಯ ವಯಸ್ಸಿನಲ್ಲಿ ತನ್ನ ಕಡೆಗೇ ತಾನು ಅರ್ಧ ಗಂಟೆ ನಡೆದು ಬರುವ ದೃಶ್ಯ ಯಾರಿಗೂ ಹಿತವಲ್ಲ. ಹನ್ನೊಂದು ದಿನ ಹೋದೆ. ಹನ್ನೆರಡನೆಯ ದಿನ ಹೋಗಲಿಲ್ಲ. ಯಾಕೆ ಬರಲಿಲ್ಲ ಎಂದು ಒಂದು ನರಪಿಳ್ಳೆಯೂ ಕೇಳಲಿಲ್ಲ. ವರ್ಷ ಕಳೆದ ಮೇಲೆ ಮೊಬೈಲಿಗೆ ಒಂದು ಸಂದೇಶ ಬಂತು, ಸದಸ್ಯತ್ವ ನವೀಕರಿಸಿ ಎಂದು.

ಆಮೇಲೆ ಕುಕ್ಕರಹಳ್ಳಿ ಕೆರೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ ಕಟ್ಟಿಸಿದ ಕೆರೆ. ಏರಿಯ ಮೇಲೆ ಮರಗಳ ನೆರಳು, ನೀರಿನಲ್ಲಿ ಹೆಜ್ಜಾರ್ಲೆಗಳು. ನಡೆಯುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ಮೈಸೂರಿನಲ್ಲಿ ಇಲ್ಲ ಎಂದು ನಾನು ಬರೆದುಕೊಡುತ್ತೇನೆ. ಆದರೂ ಒಬ್ಬಳೇ ಎದ್ದು ಹೋಗುವುದು ಆಗಲಿಲ್ಲ. ಬೆಳಗಿನ ಐದೂವರೆಗೆ ನನ್ನೊಳಗೆ ಇಬ್ಬರು ವಕೀಲರು ಏಳುತ್ತಾರೆ. ಹೊದಿಕೆಯ ಪರ ವಾದಿಸುವವನು ಹಿರಿಯ, ಅನುಭವಸ್ಥ. ರಾತ್ರಿ ನಿದ್ದೆ ಸರಿಯಾಗಿಲ್ಲ, ಆಕಾಶ ಮೋಡ ಕಟ್ಟಿದೆ, ಹಾಲಿನವನು ಬರುವ ಹೊತ್ತು ಎಂದು ಒಂದೊಂದೇ ದಾಖಲೆ ಮುಂದಿಡುತ್ತಾನೆ. ಕೆರೆಯ ಪರ ವಾದಿಸುವವನು ಈಗಷ್ಟೇ ಸನದು ಪಡೆದ ಹುಡುಗ. ತೀರ್ಪು ಹೇಳಬೇಕಾದವಳು ಹೊದಿಕೆಯ ಒಳಗೇ ಇದ್ದಾಳೆ.

ಮೊಕದ್ದಮೆ ಮುಗಿದದ್ದು ಮೂಲೆಮನೆಗೆ ಟೀಚರ್ ಬಂದ ಮೇಲೆ. ಪ್ರೌಢಶಾಲೆಯಲ್ಲಿ ಮೂವತ್ತು ವರ್ಷ ಗಣಿತ ಕಲಿಸಿ ನಿವೃತ್ತರಾದವರು. ಬಂದ ವಾರದಲ್ಲೇ ಬೀದಿಯಲ್ಲಿ ನನ್ನನ್ನು ನಿಲ್ಲಿಸಿ, ‘ನೀವು ನಡೆಯುತ್ತೀರಂತಲ್ಲ, ನಾಳೆ ಐದೂಮುಕ್ಕಾಲಿಗೆ ನಿಮ್ಮ ಗೇಟಿನ ಹತ್ತಿರ ಇರುತ್ತೇನೆ’ ಎಂದರು. ನಡೆಯುತ್ತಿಲ್ಲ ಎಂದು ಹೇಳಲು ನಾಲಗೆ ಬರಲಿಲ್ಲ. ಮಾರನೆಯ ದಿನ ಗೇಟಿನ ಚಿಲಕ ಕಿಣಿ ಎಂದಿತು. ಹೊಸದಾಗಿ ಪರಿಚಯವಾದ ಹಿರಿಯ ಹೆಂಗಸೊಬ್ಬರು ಕತ್ತಲಲ್ಲಿ ಮನೆ ಮುಂದೆ ನಿಂತಿರುವಾಗ ಮಲಗಿರುವುದು ಹೇಗೆ? ಎದ್ದೆ. ದಾಕ್ಷಿಣ್ಯಕ್ಕೆ ಬಸುರಾಗಿ ಹೆರುವುದಕ್ಕೆ ಜಾಗವಿಲ್ಲ ಎಂದು ಗಾದೆ ದಾಕ್ಷಿಣ್ಯವನ್ನು ಹಳಿಯುತ್ತದೆ. ನನಗೆ ಮಾತ್ರ ಅದರಿಂದ ನಾಲ್ಕು ಕಿಲೋ ಇಳಿದಿದೆ.

ಆಮೇಲೆ ತಿಳಿದದ್ದು, ಟೀಚರ್ ಕೂಡ ಒಬ್ಬರೇ ಏಳಲಾಗದವರೇ. ನಾನು ಕಾಯುತ್ತಿರುತ್ತೇನೆಂಬ ಹೆದರಿಕೆಗೆ ಅವರು ಏಳುತ್ತಿದ್ದರು. ಅವರು ಬಂದು ನಿಲ್ಲುತ್ತಾರೆಂಬ ಹೆದರಿಕೆಗೆ ನಾನು. ಮುಂದೆ ಅಂಚೆ ಇಲಾಖೆಯಿಂದ ನಿವೃತ್ತರಾದವರೊಬ್ಬರು ಸೇರಿದರು. ಎದುರು ಮನೆಯ ನನ್ನ ಬಾಲ್ಯದ ಗೆಳತಿಯೂ ಸೇರಿದಳು. ಇಷ್ಟು ವರ್ಷದ ಸ್ನೇಹದಲ್ಲಿ ಅವಳು ಯಾವುದಕ್ಕೂ ಸಮಯಕ್ಕೆ ಸರಿಯಾಗಿ ಬಂದವಳಲ್ಲ, ತನ್ನ ಮದುವೆಯ ಮುಹೂರ್ತವೊಂದನ್ನು ಬಿಟ್ಟು.

ನಡುವೆ ನಾವು ನಗೆಕೂಟಕ್ಕೂ ಹೋಗಿ ಬಂದೆವು. ಮುಂಬಯಿಯ ವೈದ್ಯ ಮದನ್ ಕಟಾರಿಯಾ 1995ರಲ್ಲಿ ಐದೇ ಜನರೊಂದಿಗೆ ಉದ್ಯಾನವೊಂದರಲ್ಲಿ ಇದನ್ನು ಆರಂಭಿಸಿದರಂತೆ. ಮೊದಮೊದಲು ಚಟಾಕಿ ಹೇಳಿ ನಗುತ್ತಿದ್ದರು. ಕೆಲವೇ ದಿನಗಳಲ್ಲಿ ಒಳ್ಳೆಯ ಚಟಾಕಿಗಳು ತೀರಿ ಕೆಟ್ಟವು ಶುರುವಾದ್ದರಿಂದ, ಕಾರಣವಿಲ್ಲದೆ ನಗುವ ಪದ್ಧತಿ ಬಂತು. ನಮ್ಮ ಬಡಾವಣೆಯ ಉದ್ಯಾನದಲ್ಲಿ ಕೈ ಮೇಲೆತ್ತಿ ಹೋ ಹೋ ಎನ್ನಬೇಕಾದಾಗ ನನಗೆ ನಗುವೇ ಬರಲಿಲ್ಲ. ಅಂಚೆಯವರು ನಗುವುದನ್ನೂ ನೋಂದಾಯಿತ ಅಂಚೆ ಸ್ವೀಕರಿಸುವ ಮುಖದಲ್ಲೇ ಮಾಡುತ್ತಿದ್ದರು. ಮನೆಗೆ ಮರಳುವಾಗ ಗೆಳತಿ ಅವರ ಮುಖವನ್ನು ಅಭಿನಯಿಸಿ ತೋರಿಸಿದಳು. ಬೀದಿ ದೀಪದ ಕಂಬ ಹಿಡಿದುಕೊಂಡು ನಾಲ್ವರೂ ಎಷ್ಟು ನಕ್ಕೆವೆಂದರೆ, ಸೊಪ್ಪಿನವಳು ಬುಟ್ಟಿ ಇಳಿಸಿ ನಿಂತಳು. ಮರುದಿನದಿಂದ ಕೂಟಕ್ಕೆ ಹೋಗುವ ಅಗತ್ಯ ಕಾಣಲಿಲ್ಲ.

ಬೆಟ್ಟದ ಯೋಚನೆ ಟೀಚರದು. ಮೆಟ್ಟಿಲು ಕಟ್ಟಿಸಿದ ಪುಣ್ಯ 1659ರಿಂದ 1673ರವರೆಗೆ ಆಳಿದ ದೊಡ್ಡ ದೇವರಾಜ ಒಡೆಯರದು. ನಡುದಾರಿಯಲ್ಲಿ ಕೂತಿರುವ ಏಕಶಿಲೆಯ ನಂದಿಯೂ ಅವರ ಕಾಲದ್ದೇ. ಆ ನಂದಿ ಎಷ್ಟನೆಯ ಮೆಟ್ಟಿಲಿಗೆ ಬರುತ್ತದೆ ಎಂಬುದರಲ್ಲೂ ನಮಗೆ ಒಮ್ಮತವಿಲ್ಲ. ಏಳುನೂರು ಎನ್ನುವುದು ಊರ ಮಾತು. ಶುರುವಿನ ಮೆಟ್ಟಿಲುಗಳೇ ಕಡಿದು. ಪಾದದಿಂದ ಹೊರಟ ಹುರುಪಿನಲ್ಲಿ ಮೊದಲ ನೂರನ್ನು ದಾಪುಗಾಲು ಹಾಕಿ ಹತ್ತುವವರು ಮುನ್ನೂರಕ್ಕೆ ಸೊಂಟ ಹಿಡಿದು ಕೂತಿರುತ್ತಾರೆ. ಅವರನ್ನು ದಾಟಿ ಹೋಗುವಾಗ ಆಗುವ ಸಂತೋಷವನ್ನು ವ್ಯಾಯಾಮದ ಯಾವ ಪುಸ್ತಕವೂ ಹೇಳುವುದಿಲ್ಲ. ಹರಕೆ ಹೊತ್ತ ಹೆಂಗಸರು ಪ್ರತಿ ಮೆಟ್ಟಿಲಿಗೂ ಬಗ್ಗಿ ಅರಿಶಿನ ಕುಂಕುಮ ಹಚ್ಚುತ್ತಾ ಏರುತ್ತಾರೆ. ಸಾವಿರ ಸಲ ಬಗ್ಗಿ ಏಳುವುದು ಸುಮ್ಮನೆಯೇ? ಅವರೆದುರು ನಮ್ಮ ಬೂಟು, ನೀರಿನ ಬಾಟಲಿ, ಬೆವರೊರೆಸುವ ಟವಲುಗಳೆಲ್ಲ ನಾಟಕದ ಸಾಮಾನಿನಂತೆ ಕಾಣುತ್ತವೆ. ನಡುವೆ ಕಾಲೇಜು ಹುಡುಗರು ಎರಡೆರಡು ಮೆಟ್ಟಿಲು ಹಾರಿಕೊಂಡು ಹೋಗುತ್ತಾರೆ. ಅವರ ಲೆಕ್ಕಕ್ಕೆ ಬೆಟ್ಟಕ್ಕೆ ಐನೂರೇ ಮೆಟ್ಟಿಲಿರಬೇಕು.

ಹತ್ತುವಾಗ ಮಾತಾಡಬಾರದು ಎಂಬುದು ಟೀಚರ್ ಮಾಡಿದ ನಿಯಮ. ಮಾತಾಡಿದರೆ ಲೆಕ್ಕ ತಪ್ಪುತ್ತದೆ. ಅದಕ್ಕೆ ಅವರು ಹುಣಸೆ ಬೀಜದ ಉಪಾಯ ಹೂಡಿದರು. ಹೊರಡುವಾಗ ಬಲಗೈಯಲ್ಲಿ ಹತ್ತು ಬೀಜ. ನೂರು ಮೆಟ್ಟಿಲಾದಾಗ ಒಂದು ಬೀಜ ಎಡಗೈಗೆ ದಾಟಿಸಿ, ಅಲ್ಲೇ ಕೂತು, ಮನಸ್ಸಿಗೆ ತೃಪ್ತಿಯಾಗುವಷ್ಟು ಮಾತಾಡಿ, ಮತ್ತೆ ಒಂದರಿಂದ ಎಣಿಸುತ್ತಾ ಹೊರಡುವುದು. ಈ ನಿಯಮವನ್ನು ಮೊದಲು ಮುರಿಯುವವರು ಸದಾ ಟೀಚರ್. ಅರುವತ್ತೆರಡೋ ಅರುವತ್ತಮೂರೋ ಆಗುವ ಹೊತ್ತಿಗೆ ಅವರಿಗೆ ಹಳೆಯ ವಿದ್ಯಾರ್ಥಿಯೊಬ್ಬನ ನೆನಪಾಗುತ್ತದೆ, ಇಲ್ಲವೇ ಸೊಸೆ ಮಾಡಿದ ಗೊಜ್ಜಿನ ನೆನಪು. ಅವರ ಕತೆ ಮುಗಿಯುವಾಗ ನಾವು ಎಪ್ಪತ್ತರಲ್ಲಿದ್ದೇವೋ ತೊಂಬತ್ತರಲ್ಲಿದ್ದೇವೋ ಚಾಮುಂಡಿಗೇ ಗೊತ್ತು. ಕಾಣೆಯಾದ ಹದಿಮೂರು ಮೆಟ್ಟಿಲುಗಳು ಇಂಥ ಕಡೆ ಉದುರಿರಬೇಕು.

ಮೆಟ್ಟಿಲ ಮೇಲೆ ಪಕ್ಕಪಕ್ಕ ಕೂತರೆ ಯಾರೂ ಯಾರ ಮುಖವನ್ನೂ ನೋಡಬೇಕಾಗಿಲ್ಲ. ಎಲ್ಲರ ಕಣ್ಣೂ ಕೆಳಗಿನ ಊರಿನ ಮೇಲೆ: ಕಾರಂಜಿ ಕೆರೆ, ಲಲಿತ ಮಹಲಿನ ಬಿಳಿಯ ಗುಮ್ಮಟ, ದೂರದಲ್ಲಿ ಫಿಲೋಮಿನಾ ಚರ್ಚಿನ ಜೋಡಿ ಗೋಪುರ. ಹಾಗೆ ಕೂತಾಗಲೇ ಅಂಚೆಯವರು, ಎರಡು ವರ್ಷದಿಂದ ಮಗ ಮಾತು ಬಿಟ್ಟಿರುವುದನ್ನು ಹೇಳಿದರು. ನಮ್ಮ ಮನೆಯ ಜಗುಲಿಯಲ್ಲಿ ಕಾಫಿ ಕುಡಿಯುತ್ತಾ ಎಷ್ಟೋ ಸಲ ಎದುರುಬದುರು ಕೂತಿದ್ದೆವು; ಆಗ ಆ ಮಾತು ಬಂದಿರಲಿಲ್ಲ. ಯಾರೂ ಸಮಾಧಾನ ಹೇಳಲಿಲ್ಲ, ಹೇಳುವಷ್ಟು ಉಸಿರೂ ಇರಲಿಲ್ಲ. ಟೀಚರ್ ತಮ್ಮ ಬಾಟಲಿ ಅವರ ಕೈಗಿಟ್ಟರು. ಸ್ವಲ್ಪ ಹೊತ್ತಾದ ಮೇಲೆ ನಾಲ್ವರೂ ಎದ್ದು ಒಂದರಿಂದ ಎಣಿಸತೊಡಗಿದೆವು.

ನಮ್ಮಜ್ಜಿಯ ಬೀಸುಕಲ್ಲು ನೆನಪಾಗುತ್ತದೆ. ರಾಗಿ ಹೆಚ್ಚಿದ್ದರೆ ಅವಳು ಒಬ್ಬಳೇ ಬೀಸುತ್ತಿರಲಿಲ್ಲ. ನಸುಕಿಗೇ ವಾರಗಿತ್ತಿಯನ್ನು ಎಬ್ಬಿಸಿ, ಎದುರುಬದುರು ಕಾಲು ಚಾಚಿ ಕೂತು, ಇಬ್ಬರೂ ಒಂದೇ ಗೂಟ ಹಿಡಿದು ತಿರುಗಿಸುವರು. ಹಗಲೆಲ್ಲ ಒಬ್ಬರ ಮೇಲೊಬ್ಬರು ಹುಳಿ ಹಿಂಡುತ್ತಿದ್ದ ಅವರಿಬ್ಬರೂ ಆ ಹೊತ್ತಿನಲ್ಲಿ ಒಂದೇ ದನಿಯಲ್ಲಿ ಹಾಡುತ್ತಿದ್ದರು. ಅದನ್ನು ಯಾರೂ ವ್ಯಾಯಾಮ ಎನ್ನಲಿಲ್ಲ; ಸಂಜೆ ಸೊಂಟಕ್ಕೆ ಎಣ್ಣೆ ತಿಕ್ಕಿಸಿಕೊಳ್ಳುವಾಗ ಅಜ್ಜಿಯೂ ಅದಕ್ಕೆ ಒಳ್ಳೆಯ ಹೆಸರೇನೂ ಇಡುತ್ತಿರಲಿಲ್ಲ. ಗಂಡಸರಿಗೆ ಗರಡಿ ಇತ್ತು. ದಂಡ ಬಸ್ಕಿ ಒಬ್ಬನೇ ಹೊಡೆಯಬಹುದು, ಆದರೆ ಮಟ್ಟಿಗೆ ಇಳಿದ ಮೇಲೆ ಇನ್ನೊಬ್ಬ ಬೇಕೇ ಬೇಕು.

ಮೊನ್ನೆ ಮೊನ್ನೆ ಓದಿದ ಸಂಗತಿಯೊಂದು ಇದಕ್ಕೆ ಸಾಕ್ಷಿ ಹೇಳುವಂತಿದೆ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ದೋಣಿ ಸ್ಪರ್ಧೆಗೆ ತಯಾರಾಗುವ ಹುಡುಗರನ್ನು ಯಂತ್ರದ ಮೇಲೆ ಒಮ್ಮೆ ಒಂಟಿಯಾಗಿ, ಒಮ್ಮೆ ಒಟ್ಟಾಗಿ ಹುಟ್ಟುಹಾಕಿಸಿದರಂತೆ. ಆಮೇಲೆ ತೋಳಿಗೆ ರಕ್ತದೊತ್ತಡ ನೋಡುವ ಪಟ್ಟಿ ಕಟ್ಟಿ, ಸಾಕು ಎನ್ನುವವರೆಗೂ ಬಿಗಿಸಿದರು. ಪಟ್ಟ ಶ್ರಮ ಎರಡು ಸಲವೂ ಹೆಚ್ಚುಕಡಿಮೆ ಒಂದೇ. ಜೊತೆಯಲ್ಲಿ ಹುಟ್ಟುಹಾಕಿದ ದಿನ ಮಾತ್ರ ನೋವು ತಡೆಯುವ ಶಕ್ತಿ ಹೆಚ್ಚಿತ್ತು. 2009ರಲ್ಲಿ ಪ್ರಕಟವಾದ ಸಂಶೋಧನೆ. ಅಜ್ಜಿಯ ತೋಳಿಗೆ ಯಾರೂ ಪಟ್ಟಿ ಕಟ್ಟಲಿಲ್ಲ.

ಗೆಳತಿಯ ಕೈಗಡಿಯಾರ ದಿನಕ್ಕೆ ಹತ್ತು ಸಾವಿರ ಹೆಜ್ಜೆ ಕೇಳುತ್ತದೆ. ಯಾಕೆ ಹತ್ತು ಸಾವಿರ, ಒಂಬತ್ತು ಸಾವಿರದ ಎಂಟುನೂರು ಯಾಕಲ್ಲ ಎಂದು ಟೀಚರ್ ಹಟ ಹಿಡಿದು ಮೂಲ ಹುಡುಕಿದರು. 1965ರಲ್ಲಿ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಸಲಕರಣೆಯನ್ನು ಮಾರುಕಟ್ಟೆಗೆ ತಂದು ‘ಮಾನ್‌ಪೊಕೇ’ ಎಂದು ಹೆಸರಿಟ್ಟಿತಂತೆ. ಹಾಗೆಂದರೆ ಹತ್ತು ಸಾವಿರ ಹೆಜ್ಜೆಯ ಮಾಪಕ. ಹೆಸರು ಮೊದಲು ಬಂತು, ಶಾಸ್ತ್ರ ಹಿಂದಿನಿಂದ ಓಡಿ ಬಂತು. ಅಂದಿನಿಂದ ಗೆಳತಿ ರಾತ್ರಿ ಹೆಜ್ಜೆ ಸಾಲದಿದ್ದರೆ ಗಡಿಯಾರವನ್ನು ಮೊಮ್ಮಗನ ಕೈಗೆ ಕಟ್ಟಿ ಬಿಡುತ್ತಾಳೆ. ಅವನು ಹಾಲ್ ತುಂಬ ಓಡಾಡಿ ಅರ್ಧ ಗಂಟೆಯಲ್ಲಿ ಅಜ್ಜಿಯ ಆರೋಗ್ಯವನ್ನು ಸರಿಪಡಿಸುತ್ತಾನೆ.

ಬೆಟ್ಟ ಇಳಿದ ಮೇಲೆ ದೋಸೆ ತಿನ್ನುತ್ತೇವೆ. ಅದರ ಬಗ್ಗೆ ಇಷ್ಟೇ ಸಾಕು. ವೈದ್ಯರೂ ಓದುವ ಸಾಧ್ಯತೆ ಇದೆ.

ಹೋದ ಆಷಾಢದ ಹೊತ್ತಿಗೆ ಟೀಚರ್ ಮಂಡಿ ಕೈಕೊಟ್ಟಿತು. ಸಮತಟ್ಟಿನಲ್ಲಿ ನಡೆಯಬಹುದು, ಮೆಟ್ಟಿಲು ಕೂಡದು ಎಂದರು ಮೂಳೆ ವೈದ್ಯರು. ‘ನೀವು ಹತ್ತಿ ಬನ್ನಿ, ನಾನು ಬಸ್ಸಿನಲ್ಲಿ ಬಂದು ಮೇಲೆ ಕಾದಿರುತ್ತೇನೆ. ಹೇಗೂ ಹೆಂಗಸರು ಟಿಕೆಟಿಗೆ ದುಡ್ಡು ಕೊಡಬೇಕಿಲ್ಲ’ ಎಂದು ಟೀಚರ್ ಹೇಳಿದರು. ಆ ಭಾನುವಾರ ಅವರು ನಗರ ಬಸ್ ನಿಲ್ದಾಣದಿಂದ 201 ಹಿಡಿದರು. ನಾವು ಮೂವರು ಪಾದದಿಂದ ಹೊರಟೆವು.

ಬೇಗ ಹತ್ತಿಬಿಟ್ಟೆವು. ನೂರಕ್ಕೊಂದು ಬೀಜ ದಾಟಿಸಿದೆವು, ಕೂತೆವು, ಎದ್ದೆವು. ನಂದಿಯ ಹತ್ತಿರ ಕಬ್ಬಿನ ಹಾಲು ಕುಡಿಯೋಣವೇ ಎಂದು ಗೆಳತಿ ಕೇಳಿದಳು, ಬೇಡ ಎಂದೆವು. ಅರುವತ್ತೆರಡಕ್ಕೋ ಅರುವತ್ತಮೂರಕ್ಕೋ ಯಾರಿಗೂ ಏನೂ ನೆನಪಾಗಲಿಲ್ಲ. ಕೊನೆಯ ಮೆಟ್ಟಿಲ ಮೇಲೆ ನಿಂತು ಒಬ್ಬೊಬ್ಬರಾಗಿ ಸಂಖ್ಯೆ ಹೇಳಿದೆವು. ಮೂವರದೂ ಒಂದೇ. ಮೂರು ವರ್ಷದಲ್ಲಿ ಮೊದಲ ಸಲ. ಅಂಚೆಯವರು ಇನ್ನೊಮ್ಮೆ ಬೀಜ ಎಣಿಸಿ ನೋಡಿಕೊಂಡರು. ಯಾಕೋ ಯಾರ ಮುಖವೂ ಅರಳಲಿಲ್ಲ.

ಮಹಿಷಾಸುರನ ಪ್ರತಿಮೆಯ ಹತ್ತಿರ ಕಟ್ಟೆಯ ಮೇಲೆ ಟೀಚರ್ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ನಮ್ಮನ್ನು ಕಂಡದ್ದೇ ‘ಎಷ್ಟು?’ ಎಂದರು.

ಗೆಳತಿ ನನ್ನ ಕಡೆ ನೋಡಿದಳು. ನಾನು ಏಳು ಸೇರಿಸಿ ಹೇಳಿದೆ. ಅಂಚೆಯವರು, ಮೂವತ್ತೆಂಟು ವರ್ಷದ ಸೇವೆಯಲ್ಲಿ ಒಂದು ಪೈಸೆಯ ಲೆಕ್ಕ ತಪ್ಪಿಸದವರು, ಒಂಬತ್ತು ಕಳೆದು ಹೇಳಿದರು. ಗೆಳತಿ ನಡುವೆಲ್ಲೋ ಮರೆತುಹೋಯಿತು ಎಂದಳು.

‘ಮಾತಾಡಿಕೊಂಡು ಹತ್ತಿದ್ದೀರಿ’ ಎಂದು ಟೀಚರ್ ಚೀಲದಿಂದ ಕನ್ನಡಕ ತೆಗೆದು ಹಾಕಿಕೊಂಡರು. ‘ಬನ್ನಿ, ಕೂತುಕೊಳ್ಳಿ. ನಂದಿಯವರೆಗೆ ಎಷ್ಟಾಗಿತ್ತು, ಅಲ್ಲಿಂದ ಶುರು ಮಾಡೋಣ.’